ಬೇಸ್‌ಮೆಂಟಿನಲ್ಲಿ ನಿಂತ ಕಾರುಗಳು

ಒಂದು ಬುಧವಾರ ಬೆಳಿಗ್ಗೆ 11 ಗಂಟೆಗೆ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದು ಅಲ್ಲಿದ್ದ ಕಾರುಗಳನ್ನು ಎಣಿಸಿದೆ. 139. ಕೆಲಸದ ದಿನ, ಕೆಲಸದ ಹೊತ್ತು. ಮೇಲೆ ಸರ್ಜಾಪುರ ರೋಡಿನಲ್ಲಿ ಹಾರ್ನು ಕಿತ್ತುಹೋಗುವ ಹಾಗೆ ಟ್ರಾಫಿಕ್ಕು. ಕೆಳಗೆ ಇಷ್ಟು ಕಾರುಗಳು ಸುಮ್ಮನೆ ನಿಂತಿದ್ದವು. ಕೆಲವಕ್ಕೆ ಬೂದು ಬಣ್ಣದ ಕವರು. ಕೆಲವದರ ಗಾಜಿನ ಧೂಳಿನ ಮೇಲೆ ಮಕ್ಕಳು ಬೆರಳಲ್ಲಿ ಹೆಸರು ಬರೆದಿದ್ದರು. ಒಂದು ಕಾರಿನ ಬಾನೆಟ್ ಮೇಲೆ ಬೆಕ್ಕು ಮಲಗಿತ್ತು, ಇಂಜಿನ್ ತಣ್ಣಗಿದ್ದರೂ. ಸೆಕ್ಯೂರಿಟಿ ಅಣ್ಣ ನನ್ನನ್ನು ನೋಡಿ, ‘ಏನು ಮೇಡಂ, ಏನಾದರೂ ಕಳೆದುಹೋಯ್ತಾ?’ ಅಂತ ಕೇಳಿದರು.

ಆ 139ರಲ್ಲಿ ನಮ್ಮದೂ ಒಂದು. ಅದಕ್ಕೆ ತಿಂಗಳಿಗೆ 13,800 ರೂಪಾಯಿ ಇಎಂಐ. ಇನ್ಶೂರೆನ್ಸ್, ಸರ್ವಿಸು, ಪೆಟ್ರೋಲು ಸೇರಿಸಿದರೆ ಹೆಚ್ಚುಕಡಿಮೆ 19,000. ಒಂದು ತಿಂಗಳು ಹಟಕ್ಕೆ ಬಿದ್ದು ಲೆಕ್ಕ ಬರೆದಿಟ್ಟೆ. ಕಾರು ಓಡಿದ್ದು ಒಟ್ಟು 22 ಗಂಟೆ. ಅಂದರೆ ಗಂಟೆಗೆ 860 ರೂಪಾಯಿಗೂ ಹೆಚ್ಚು. ನನ್ನ ಗಂಡ ಮೈಸೂರಿನವನು, ಲೆಕ್ಕ ನೋಡಿ ನಕ್ಕು, ‘ಇದಕ್ಕಿಂತ ದಿನಾ ಟಾಂಗಾದಲ್ಲಿ ಹೋಗಬಹುದಿತ್ತು ಬಿಡು’ ಅಂದ.

ಈ ಎಣಿಸುವ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನಲ್ಲಿ ಅಲ್ಲ, ಜ್ಯೂರಿಕ್‌ನಲ್ಲಿ.

2018ರಲ್ಲಿ ಆಫೀಸಿನವರು ಹನ್ನೊಂದು ತಿಂಗಳಿಗೆ ಅಲ್ಲಿಗೆ ಕಳಿಸಿದ್ದರು. ಊರಿನ ಉತ್ತರಕ್ಕೆ ಓರ್ಲಿಕಾನ್ ಅಂತ ಒಂದು ಭಾಗ, ಅಲ್ಲಿ ಮನೆ. ಮೊದಲ ವಾರವೇ ಗಮನಕ್ಕೆ ಬಂದದ್ದು ರೈಲ್ವೆ ಸ್ಟೇಷನ್ ಪಕ್ಕ, ಮನೆಗಳ ನಡುವೆ, ಅಂಗಡಿ ಹಿಂದೆ ಅಲ್ಲಲ್ಲಿ ನಿಂತ ಕೆಂಪು ಕಾರುಗಳು. ಎಲ್ಲದರ ಮೇಲೂ ಒಂದೇ ಹೆಸರು, ಮೊಬಿಲಿಟಿ. ಟ್ಯಾಕ್ಸಿ ಅಂದುಕೊಂಡಿದ್ದೆ. ಅಲ್ಲ. ಬೇಕಾದವರು ಫೋನಿನಲ್ಲಿ ಬುಕ್ ಮಾಡಿ, ಗಾಜಿನ ಹತ್ತಿರ ಕಾರ್ಡು ಹಿಡಿದರೆ ಬಾಗಿಲು ತೆರೆಯುತ್ತದೆ. ಓಡಿಸಿಕೊಂಡು ಹೋಗಿ, ಅದೇ ಜಾಗಕ್ಕೆ ತಂದು ನಿಲ್ಲಿಸಬೇಕು. ಗಂಟೆಗೆ ಇಷ್ಟು, ಕಿಲೋಮೀಟರಿಗೆ ಇಷ್ಟು. ಪೆಟ್ರೋಲು ಅದರಲ್ಲೇ ಸೇರಿದೆ. ಟ್ಯಾಂಕ್ ಖಾಲಿಯಾಗುತ್ತಾ ಬಂದರೆ ಕಾರಿನಲ್ಲೇ ಇಟ್ಟ ಕಾರ್ಡಿನಿಂದ ತುಂಬಿಸಬೇಕು, ಮುಂದಿನವರಿಗಾಗಿ.

ಆ ‘ಮುಂದಿನವರು’ ಅನ್ನುವ ಮಾತು ನನಗೆ ಸರಿಯಾಗಿ ಅರ್ಥವಾಗಿದ್ದು ಒಂದು ಶನಿವಾರ. ಸಹೋದ್ಯೋಗಿಯ ಜೊತೆ ಐಕಿಯಾಗೆ ಹೋಗಿ ಒಂದು ಟೇಬಲ್ಲು ತರುತ್ತಾ ದಾರಿ ತಪ್ಪಿದೆವು. ರಸ್ತೆಯ ಬಲಕ್ಕೆ ಓಡಿಸುವುದೇ ನಮಗೆ ಹೊಸದು, ಅದರ ಮೇಲೆ ಜರ್ಮನ್ ಬೋರ್ಡುಗಳು. ಇಪ್ಪತ್ತು ನಿಮಿಷ ತಡ. ಬಂದು ನೋಡಿದರೆ ಆ ಪಾರ್ಕಿಂಗ್ ಜಾಗದಲ್ಲಿ ಒಬ್ಬ ತಾಯಿ, ನಾಲ್ಕೈದು ವರ್ಷದ ಮಗು, ಮಗುವಿನ ಸೀಟು ಕೈಯಲ್ಲಿ ಹಿಡಿದು ಸಣ್ಣ ಮಳೆಯಲ್ಲಿ ನಿಂತಿದ್ದರು. ಆಕೆ ಬೈಯಲಿಲ್ಲ. ವಾಚು ಒಂದು ಸಲ ನೋಡಿದಳು, ಅಷ್ಟೇ. ನಾನು ಟೇಬಲ್ಲಿನ ಹಲಗೆಗಳನ್ನು ಇಳಿಸುವಾಗ ಒಂದು ತುದಿ ತಾನೇ ಹಿಡಿದಳು. ದಂಡ ಬಿತ್ತು, ಅದು ಮರೆತುಹೋಗಿದೆ. ಆ ವಾಚು ನೋಡಿದ್ದು ಮರೆತಿಲ್ಲ.

ಇದು ಯಾವ ಕಂಪನಿ ಅಂತ ಹುಡುಕಿದಾಗ ಇನ್ನೊಂದು ಆಶ್ಚರ್ಯ. ಅದೊಂದು ಸಹಕಾರಿ ಸಂಘ! 1987ರಲ್ಲಿ ಎರಡು ಕಡೆ ಬೇರೆಬೇರೆಯಾಗಿ ಶುರುವಾಗಿ, ಒಂದು ಸ್ಟಾನ್ಸ್ ಎಂಬ ಸಣ್ಣ ಊರಲ್ಲಿ, ಇನ್ನೊಂದು ಜ್ಯೂರಿಕ್‌ನಲ್ಲಿ, 1997ರಲ್ಲಿ ಒಂದಾಗಿದ್ದು. ಇನ್ನೂ ಹಿಂದೆ ಹೋದರೆ 1948ರಲ್ಲೇ ಜ್ಯೂರಿಕ್‌ನಲ್ಲಿ ಕಾರು ಕೊಳ್ಳಲು ಶಕ್ತಿಯಿಲ್ಲದ ಕೆಲವರು ಸೇರಿ ಕಾರು ಹಂಚಿಕೊಳ್ಳುವ ಸಂಘ ಕಟ್ಟಿದ್ದರು. ನಾವು ಹೊಸ ಐಡಿಯಾ, ಸ್ಟಾರ್ಟಪ್ಪು ಅಂತೀವಲ್ಲ, ಅದಕ್ಕೆ ನಮ್ಮ ಅಜ್ಜನ ವಯಸ್ಸು.

ಸ್ಟಾನ್ಸ್ ನೋಡಲೇಬೇಕು ಅನ್ನಿಸಿತು. ಜ್ಯೂರಿಕ್‌ನಿಂದ ರೈಲಿನಲ್ಲಿ ಲುಸರ್ನ್, ಅಲ್ಲಿಂದ ಸಣ್ಣ ಗೇಜಿನ ರೈಲು. ಸರೋವರದ ಅಂಚು ಬಿಟ್ಟು ಸ್ವಲ್ಪ ಹೊತ್ತಿಗೆ ಊರು ಬಂದೇಬಿಡುತ್ತದೆ. ಪ್ರವಾಸಿಗರು ಬರುವುದು ಹಿಂದಿರುವ ಸ್ಟಾನ್ಸರ್‌ಹಾರ್ನ್ ಬೆಟ್ಟಕ್ಕೆ. ಅದಕ್ಕೆ ಹತ್ತುವ ಕೇಬಲ್ ಕಾರಿನ ಮೇಲಿನ ಅಂತಸ್ತಿಗೆ ಛಾವಣಿಯೇ ಇಲ್ಲ, ಗಾಳಿಗೆ ಮುಖ ಒಡ್ಡಿ ನಿಲ್ಲಬಹುದು. ನಾನು ಹತ್ತಿದೆ, ಮೋಡ ಬಿಟ್ಟು ಏನೂ ಕಾಣಲಿಲ್ಲ. ಇಳಿದು ಬಂದು ಚರ್ಚಿನ ಮುಂದಿನ ಚೌಕದಲ್ಲಿ ಕೂತೆ. ಹೂವಿನ ಕುಂಡ, ಬೇಕರಿ, ನಡೆದು ಹೋಗುವ ಮುದುಕರು. ಕಾರು ಹಂಚಿಕೆ ಇಲ್ಲಿ ಹುಟ್ಟಿತು ಅಂತ ಯಾವ ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ. ಸ್ಟೇಷನ್ ಪಕ್ಕ ಒಂದು ಕೆಂಪು ಕಾರು ಇತ್ತು. ಅದರ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.

ಅಪ್ಪನ ವಿಷಯ ಹೇಳಬೇಕು. ನಮ್ಮದು ಗದಗ ಕಡೆ. ಅಪ್ಪ ಮೂವತ್ತು ವರ್ಷ ಹಳ್ಳಿಯ ಪತ್ತಿನ ಸಹಕಾರ ಸಂಘದಲ್ಲಿ ಸೆಕ್ರೆಟರಿ ಆಗಿದ್ದವರು. ಮನೆಯಲ್ಲಿ ದೇವರ ಪಟದ ಪಕ್ಕ ಲೆಡ್ಜರು ಇರುತ್ತಿದ್ದ ಕಾಲ ಅದು. ಫೋಟೋ ನೋಡಿದವರೇ ಫೋನು ಮಾಡಿದರು.

‘ಏನವ್ವಾ ಇದು, ಕಾರ್ ತಗೊಂಡೇನು?’

‘ನನ್ನದಲ್ಲ ಅಪ್ಪಾ, ಸೊಸೈಟಿದು.’

ಅವರು ಒಂದು ಕ್ಷಣ ಸುಮ್ಮನಾದರು. ಆಮೇಲೆ ಶುರು. ‘ಕಣಗಿನಹಾಳ ಗೊತ್ತಲ್ಲ? 1905. ಸಿದ್ದನಗೌಡ್ರು ಸೊಸೈಟಿ ಕಟ್ಟಿದ್ದು. ರೈತ ಸಾವಕಾರನ ಮನಿ ಬಾಗ್ಲಾ ಕಾಯೋದು ತಪ್ಪಲಿ ಅಂತ. ನಿಮ್ಮ ಸ್ವಿಜರ್ಲೆಂಡಿನವ್ರು ಕಾರಿಗೆ ಮಾಡ್ಯಾರ, ನಮ್ಮವರು ಬಿತ್ತೋ ಬೀಜಕ್ಕ ಮಾಡಿದ್ರು. ಎರಡೂ ಒಂದ ಅದ.’ ಗದಗ ತಾಲ್ಲೂಕಿನ ಆ ಊರಿನ ಸಂಘ ನಮ್ಮ ಕಡೆಯವರಿಗೆ ಎಷ್ಟು ಹೆಮ್ಮೆಯದು ಅಂದರೆ, ಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಭಾಷಣದಲ್ಲಿ ಅದು ಬರದೇ ಇದ್ದರೆ ಮೇಷ್ಟ್ರು ಮಾರ್ಕ್ಸ್ ಕಡಿಮೆ ಕೊಡುತ್ತಿದ್ದರು. ನಾನು ಸ್ವಿಸ್ ಚೌಕದಲ್ಲಿ ಕೂತು ಆ ಮಾತು ಕೇಳಿದೆ. ಹಾಗೆ ತಲೆಗೆ ಹುಳ ಬಿತ್ತು.

ಹುಳ ಮೂರು ವರ್ಷ ಒಳಗೇ ಇತ್ತು. ವಾಪಸು ಬಂದೆ, ಮದುವೆಯಾಯಿತು, ಕೊರೊನಾ ಬಂತು, ಎಲ್ಲರಂತೆ ನಾವೂ ಭಯಕ್ಕೆ ಒಂದು ಕಾರು ತೆಗೆದುಕೊಂಡೆವು. ಡೌನ್ ಪೇಮೆಂಟಿಗೆ ಅಪ್ಪನೂ ಸ್ವಲ್ಪ ಹಾಕಿದರು. ಆಮೇಲೆ ಆಫೀಸು ವಾರಕ್ಕೆ ಎರಡು ದಿನ ಆಯಿತು. ಕಾರು ಬೇಸ್‌ಮೆಂಟಿಗೆ ಇಳಿಯಿತು. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ ಅಂತ ಪೇಪರಿನಲ್ಲಿ ಓದಿದಾಗ, ಅದರಲ್ಲಿ ಎಷ್ಟು ನೆಲದಡಿ ನಿಂತಿರಬಹುದು ಅಂತ ಯೋಚನೆ ಬಂತು. ಆವತ್ತೇ ನಾನು ಎಣಿಸಲು ಇಳಿದದ್ದು.

ಎದುರು ಬ್ಲಾಕಿನಲ್ಲಿ ನನ್ನೊಬ್ಬಳು ಗೆಳತಿ ಇದ್ದಾಳೆ. ಮಂಗಳೂರಿನವಳು, ಚಾರ್ಟರ್ಡ್ ಅಕೌಂಟೆಂಟ್. ಅವಳ ಹತ್ತಿರ ಈ ಲೆಕ್ಕ ಹೇಳಿದೆ. ‘ಇದರಲ್ಲಿ ದುಡ್ಡು ಉಂಟು ಮಾರಾಯ್ತಿ’ ಅಂದಳು. ಅವಳ ಕಾರು, ನಮ್ಮ ಕಾರು. ಮೂರನೆಯದು ಎರಡನೇ ಮಹಡಿಯ ಅಂಕಲ್‌ದು. ಮಗ ಅಮೆರಿಕದಿಂದ ದುಡ್ಡು ಕಳಿಸಿ ಕೊಡಿಸಿದ್ದು, ಅವರಿಗೆ ಕಣ್ಣಿನ ಆಪರೇಷನ್ ಆದ ಮೇಲೆ ಓಡಿಸುವುದಕ್ಕೆ ಧೈರ್ಯವಿಲ್ಲ. 2022ರ ಯುಗಾದಿ ಕಳೆದ ಮೇಲೆ ಶುರು ಮಾಡಿದೆವು. ಮೊದಲು ಆರು ಮನೆ, ಮಳೆಗಾಲದ ಹೊತ್ತಿಗೆ ಹದಿನಾಲ್ಕು. ಒಂದು ವಾಟ್ಸಾಪ್ ಗ್ರೂಪು, ಒಂದು ಗೂಗಲ್ ಕ್ಯಾಲೆಂಡರು. ಬೇಸ್‌ಮೆಂಟಿನ ಕಂಬಕ್ಕೆ ಹೊಡೆದ ಒಂದು ಕಬ್ಬಿಣದ ಪೆಟ್ಟಿಗೆ, ಅದರಲ್ಲಿ ಕೀಗಳು. ಪೆಟ್ಟಿಗೆಗೆ ನಂಬರ್ ಲಾಕು. ನಂಬರು 1905. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ.

ಗಂಟೆಗೆ 90 ರೂಪಾಯಿ, ಕಿಲೋಮೀಟರಿಗೆ 8. ಗಂಟೆಯ ದುಡ್ಡು ಮುಂಗಡ.

ಆ ಒಂದೂವರೆ ವರ್ಷದಲ್ಲಿ ನಾನು ನನ್ನ ಅಪಾರ್ಟ್‌ಮೆಂಟನ್ನು ನೋಡಿದಷ್ಟು ಅದಕ್ಕೂ ಮುಂಚೆ ಐದು ವರ್ಷದಲ್ಲಿ ನೋಡಿರಲಿಲ್ಲ. ಯಾರ ಮನೆಯಲ್ಲಿ ಅಮ್ಮ ಊರಿಂದ ಬರುತ್ತಾರೆ, ಯಾರಿಗೆ ವಾರಕ್ಕೆರಡು ಸಲ ಡಯಾಲಿಸಿಸ್, ಯಾರು ಶನಿವಾರ ಸಂಜೆ ಸುಮ್ಮನೆ ನಂದಿ ಬೆಟ್ಟದ ಕಡೆ ಒಬ್ಬರೇ ಹೋಗಿ ಬರುತ್ತಾರೆ, ಎಲ್ಲ ಕ್ಯಾಲೆಂಡರಿನಲ್ಲಿ ಕಾಣುತ್ತಿತ್ತು. ಐದನೇ ಮಹಡಿಯ ಹುಡುಗಿಗೆ ರಾತ್ರಿ ಎರಡಕ್ಕೆ ಹೆರಿಗೆ ನೋವು ಬಂದಾಗ ಅವಳ ಗಂಡ ಕ್ಯಾಬ್ ಕಾಯುತ್ತಾ ಕೂರಲಿಲ್ಲ, ಪೆಟ್ಟಿಗೆ ತೆಗೆದು ಅಂಕಲ್ ಕಾರು ತೆಗೆದುಕೊಂಡು ಹೋದ. ಮಗುವಿನ ನಾಮಕರಣಕ್ಕೆ ಅಂಕಲ್‌ಗೆ ಮೊದಲ ಎಲೆ.

ತಾಪತ್ರಯವೂ ಇತ್ತು, ಇಲ್ಲ ಅನ್ನುವುದಿಲ್ಲ. ಸೀಟಿನ ಮೇಲೆ ನಾಯಿ ಕೂದಲು. ಡಿಕ್ಕಿಯಲ್ಲಿ ಒಡೆದ ಉಪ್ಪಿನಕಾಯಿ ಜಾಡಿ, ಆ ವಾಸನೆ ದಸರಾದಿಂದ ಸಂಕ್ರಾಂತಿಯವರೆಗೂ ಇತ್ತು. ‘ಅರ್ಧ ಟ್ಯಾಂಕ್ ಇತ್ತು, ಈಗ ಕಾಲು ಇದೆ, ಯಾರು?’ ಅನ್ನುವ ಮೆಸೇಜು ವಾರಕ್ಕೊಂದು. ಸ್ವಿಸ್ ತಾಯಿಯ ವಾಚು ನಮ್ಮಲ್ಲಿ ನಡೆಯುವುದಿಲ್ಲ. ಇಬ್ಬಲೂರು ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವನಿಗೆ ತಡ ಯಾಕೆ ಅಂತ ಹೇಗೆ ಕೇಳುವುದು? ಎಲ್ಲಕ್ಕಿಂತ ದೊಡ್ಡ ತೊಂದರೆ ಹಬ್ಬ. ಹಂಚಿಕೊಳ್ಳುವ ಕಾರು ನಡೆಯುವುದು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಬೇಕಾದರೆ ಮಾತ್ರ. ಗಣೇಶನ ಹಬ್ಬದ ಹಿಂದಿನ ಸಂಜೆ ಹದಿನಾಲ್ಕು ಮನೆಗೂ ಒಟ್ಟಿಗೇ ಬೇಕು, ಎಲ್ಲರೂ ಊರಿಗೆ. ಜ್ಯೂರಿಕ್‌ನಲ್ಲಿ ಊರಿಗೆ ಹೋಗುವವರು ರೈಲು ಹತ್ತುತ್ತಾರೆ. ಕೆಂಪು ಕಾರು ರೈಲು ಮುಟ್ಟದ ಕೊನೆಯ ಎಂಟು ಹತ್ತು ಕಿಲೋಮೀಟರಿಗೆ ಅಷ್ಟೇ. ನಮ್ಮ ರಿಂಗ್ ರೋಡಿನ ಮೆಟ್ರೋ ಆಗ ಇನ್ನೂ ಕಂಬಗಳಾಗಿತ್ತು. 500-ಡಿ ಬಸ್ಸಿದೆ, ನಿಜ, ಅದರೊಳಗೆ ಕಾಲಿಡಲು ಜಾಗ ಸಿಕ್ಕಿದರೆ. ಕಾರು ಹಂಚಿಕೆಯ ಬಗ್ಗೆ ಮಾತಾಡುವವರು ಈ ವಿಷಯ ಬಿಟ್ಟುಬಿಡುತ್ತಾರೆ: ಬಸ್ಸು ರೈಲು ಗಟ್ಟಿಯಿದ್ದ ಊರಲ್ಲೇ ಅದು ಬೇರು ಬಿಡುವುದು.

ಆದರೂ ನಮ್ಮ ಗೆಳತಿಯ ಎಕ್ಸೆಲ್ ಶೀಟು ಹಸಿರಾಗಿತ್ತು. ಪೆಟ್ಟಿಗೆಯಲ್ಲಿ ಖರ್ಚು ಕಳೆದು 86,000 ರೂಪಾಯಿ ಉಳಿದಿತ್ತು. ಪಕ್ಕದ ಎರಡು ಅಪಾರ್ಟ್‌ಮೆಂಟಿನವರು ಕೇಳಲು ಶುರು ಮಾಡಿದರು. ಆ್ಯಪ್ ಮಾಡೋಣ, ಕಂಪನಿ ನೋಂದಾಯಿಸೋಣ, ಅವಳು ಕೆಲಸ ಬಿಡುವುದು, ನಾನು ಆರು ತಿಂಗಳ ನಂತರ ಬಿಡುವುದು ಅಂತ ಮಾತಾಯಿತು. ಲಾಯರೊಬ್ಬರನ್ನು ನೋಡಲು ಹೋದೆವು.

ಅವರು ನಮ್ಮ ಸ್ಲೈಡುಗಳನ್ನು ಪೂರ್ತಿ ನೋಡಲಿಲ್ಲ. ‘ಬೋರ್ಡ್ ಯಾವ ಬಣ್ಣ?’ ಅಂದರು. ಬಿಳಿ ಅಂದೆವು. ಆಮೇಲೆ ಪಾಠ. ಬಿಳಿ ಬೋರ್ಡು ಸ್ವಂತಕ್ಕೆ. ಹಳದಿ ಬೋರ್ಡು ಟ್ಯಾಕ್ಸಿಗೆ. ಡ್ರೈವರಿಲ್ಲದೆ ಬಾಡಿಗೆಗೆ ಕೊಡುವ ಕಾರಿಗೆ ಕಪ್ಪು ಬೋರ್ಡು, ಹಳದಿ ಅಕ್ಷರ. ಅದಕ್ಕೆ 1989ರ ರೆಂಟ್-ಎ-ಕ್ಯಾಬ್ ಯೋಜನೆಯ ಲೈಸೆನ್ಸ್ ಬೇಕು. ಅದು ಬೇಕಾದರೆ ಕಡಿಮೆಯೆಂದರೆ 50 ಕಾರು ಇರಬೇಕು, ಎಲ್ಲಕ್ಕೂ ಪ್ರವಾಸಿ ಪರ್ಮಿಟ್. ನಮ್ಮ ಹತ್ತಿರ ಮೂರು, ಅದರಲ್ಲೊಂದಕ್ಕೆ ಉಪ್ಪಿನಕಾಯಿ ವಾಸನೆ. 50 ಕಾರಿಗೆ ತಲಾ 6 ಲಕ್ಷ ಹಿಡಿದರೂ 3 ಕೋಟಿ. ಗದಗದ ಹೊಲ, ಮಂಗಳೂರಿನ ತೋಟ ಎರಡೂ ಮಾರಿದರೂ ಆಗುವುದಿಲ್ಲ. 2013ರಲ್ಲಿ ಇದೇ ಬೆಂಗಳೂರಿನಲ್ಲಿ ಜೂಮ್‌ಕಾರ್ ಶುರು ಮಾಡಿದವರು ಯಾಕೆ ಹೂಡಿಕೆದಾರರ ಹಿಂದೆ ಓಡಬೇಕಾಯಿತು ಅಂತ ಆವತ್ತು ಅರ್ಥವಾಯಿತು.

‘ನಾವು ಬಾಡಿಗೆಗೆ ಕೊಡುತ್ತಿಲ್ಲ ಸರ್, ಖರ್ಚು ಹಂಚಿಕೊಳ್ಳುತ್ತಿದ್ದೇವೆ’ ಅಂದೆ.

‘ಗಂಟೆಗೆ ಎಷ್ಟು ತಗೋತೀರಿ?’

‘ತೊಂಬತ್ತು.’

‘ಉಳಿದಿದೆಯಾ?’

ಸುಮ್ಮನಾದೆವು. ‘ಹಾಗಾದ್ರೆ ಬಾಡಿಗೆ’ ಅಂದರು. ಹೊರಡುವಾಗ ಇನ್ನೊಂದು ಮಾತು ಹೇಳಿದರು, ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಅದನ್ನು ಮರೆತಿದ್ದೆವು. ‘ನಿಮ್ಮ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಳಕೆಯ ಮಿತಿ ಅಂತ ಒಂದು ಪ್ಯಾರಾ ಇರುತ್ತೆ. ಓದಿ.’

ಆವತ್ತೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಮಳೆಗಾಲ ಕಳೆಯಲಿ, ಒಂದು ದಾರಿ ಹುಡುಕೋಣ ಅಂದುಕೊಂಡೆವು.

2023ರ ಸೆಪ್ಟೆಂಬರ್, ಒಂದು ಶುಕ್ರವಾರ ರಾತ್ರಿ. ಸಿ ಬ್ಲಾಕಿನ ಹುಡುಗ ಮೂರು ಗಂಟೆಗೆ ನಮ್ಮ ಕಾರು ಬುಕ್ ಮಾಡಿದ್ದ. ಒಳ್ಳೆಯ ಹುಡುಗ, ಯಾವತ್ತೂ ತಡ ಮಾಡಿದವನಲ್ಲ, ಆವತ್ತೂ ಕುಡಿದಿರಲಿಲ್ಲ. ಹರಳೂರು ರಸ್ತೆಯಲ್ಲಿ ಜೋರು ಮಳೆ, ರಸ್ತೆ ಮೇಲೆ ನೀರು, ಗುಂಡಿ ತಪ್ಪಿಸಲು ಹೋಗಿ ಎದುರಿಂದ ಬಂದ ಊಟದ ಡೆಲಿವರಿ ಬೈಕಿಗೆ ತಾಗಿಸಿದ. ಹತ್ತು ಗಂಟೆಗೆ ಫೋನು ಬಂತು.

ಆಸ್ಪತ್ರೆಗೆ ಹೋದಾಗ ಆ ಬೈಕಿನ ಹುಡುಗನನ್ನು ಎಕ್ಸ್‌ರೇಗೆ ಕರೆದೊಯ್ಯಲು ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಇಪ್ಪತ್ತೆರಡು ಇಪ್ಪತ್ಮೂರು ವರ್ಷ. ನನ್ನ ಮಾತು ಕೇಳಿ, ‘ನೀವು ನಮ್ಮ ಕಡೆಯವರೇನ್ರಿ ಅಕ್ಕಾರ?’ ಅಂದ. ರಾಯಚೂರು ಕಡೆಯವನು. ಕಾಲಿನ ಬಗ್ಗೆ ಕೇಳಲಿಲ್ಲ. ‘ನನ್ನ ಗಾಡಿ ಏನಾತ್ರಿ? ಇನ್ನಾ ಹದಿನಾರು ಕಂತು ಕಟ್ಟೋದೈತ್ರಿ’ ಅಂದ.

ಆ ರಾತ್ರಿ ಪಾಲಿಸಿ ತೆಗೆದು ಆ ಪ್ಯಾರಾ ಓದಿದೆ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿಯೇ ಬರೆದಿತ್ತು. ನನ್ನ ಫೋನಿನಲ್ಲಿ ಸಂಜೆ 7.40ಕ್ಕೆ ಬಂದ ಯುಪಿಐ ಮೆಸೇಜು ಇತ್ತು: 270 ರೂಪಾಯಿ. ಕೆಳಗೆ ಅವನೇ ಬರೆದ ಟಿಪ್ಪಣಿ, ‘ಕಾರ್, 3 ಅವರ್ಸ್’.

ಮರುದಿನದಿಂದ ಎಲ್ಲರೂ ಹೇಳಿದ್ದು ಒಂದೇ. ಫ್ರೆಂಡಿಗೆ ಕೊಟ್ಟಿದ್ದೆ ಅಂತ ಹೇಳಿ. ಸಿ ಬ್ಲಾಕಿನ ಹುಡುಗ ಹೇಳಿದ, ಅವನ ಅಪ್ಪ ಹೇಳಿದರು, ಗ್ಯಾರೇಜಿನವನು ಹೇಳಿದ, ಕೊನೆಗೆ ಪಾಲಿಸಿ ಮಾಡಿಸಿಕೊಟ್ಟಿದ್ದ ಏಜೆಂಟೇ ಹೇಳಿದ. ನನ್ನ ಗೆಳತಿಯೂ ಹೇಳಿದಳು. ‘ಅವ ನಿನ್ನ ಫ್ರೆಂಡ್ ಹೌದಲ್ಲ? ಸುಳ್ಳು ಎಂತದು ಅದರಲ್ಲಿ? 270 ರೂಪಾಯಿ ಪಿಜ್ಜಾದ್ದು ಅಂತ ಹೇಳು.’ ಸರ್ವೇಯರ್ ಸೋಮವಾರ ಬರುವವರಿದ್ದರು. ಅವಳ ಮಾತಿನಲ್ಲಿ ಅರ್ಥವಿತ್ತು. ನಾನು ನಿಜ ಹೇಳಿದರೆ ಕೈ ಬಿಡುವುದು ನನ್ನ ರಿಪೇರಿ ದುಡ್ಡು ಮಾತ್ರ ಅಲ್ಲ. ಆ ಹುಡುಗನ ಪರಿಹಾರಕ್ಕೂ ಇನ್ಶೂರೆನ್ಸಿನವರು ತಕರಾರು ತೆಗೆಯಬಹುದು. ನನ್ನ ಸತ್ಯಕ್ಕೆ ಅವನು ಯಾಕೆ ಬೆಲೆ ಕಟ್ಟಬೇಕು? ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರವಿಲ್ಲ.

ಭಾನುವಾರ ಅಪ್ಪನಿಗೆ ಫೋನು ಮಾಡಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಮಾಡಿದ್ದು. ಅವರು ಪೂರ್ತಿ ಕೇಳಿದರು. ಆಮೇಲೆ, ನನಗೆ ಯಾವತ್ತೂ ಹೇಳದ ಒಂದು ವಿಷಯ ಹೇಳಿದರು. ಮಳೆ ಹೋದ ಒಂದು ವರ್ಷ, ಒಬ್ಬ ರೈತ ಬೆಳೆ ವಿಮೆಯ ಕಂತು ಕಟ್ಟಲು ಎರಡು ದಿನ ತಡ ಮಾಡಿ ಬಂದನಂತೆ. ಅಪ್ಪ ಲೆಡ್ಜರಿನಲ್ಲಿ ಹಿಂದಿನ ತಾರೀಖು ಹಾಕಿ ಬರೆದುಕೊಂಡರಂತೆ. ಅವನಿಗೆ ದುಡ್ಡು ಬಂತು, ಯಾರೂ ಕೇಳಲಿಲ್ಲ.

‘ಮತ್ತ ತಪ್ಪೇನಾತು ಅಪ್ಪಾ?’

‘ತಪ್ಪು ಅಂತ ನಾ ಎಲ್ಲಿ ಅಂದೆ? ಅಂವಾ ಉಣ್ಣಾಂಗ ಆತು. ಆದ್ರ ಆಡಿಟ್‌ನವರು ಬಂದಾಗೆಲ್ಲ ಆ ಹಾಳಿ ತಿರುವೋ ಮುಂದ ನನ್ನ ಕೈ ಬೆವರ್ತಿತ್ತು. ಹನ್ನೊಂದು ವರ್ಷ. ಬರೀಬ್ಯಾಡ ಅಂತ ಹೇಳಾಂಗಿಲ್ಲವ್ವಾ. ಬರದ್ರ ದಿನಾ ನೆನಪಿಟ್ಟಗೋಬೇಕಾಗ್ತದ. ನಿನಗ ಆಗ್ತದೇನು, ನೋಡ್ಕೊ.’

ನನಗೆ ಆಗುವುದಿಲ್ಲ ಅನ್ನಿಸಿತು. ಅದು ಪ್ರಾಮಾಣಿಕತೆಯೋ ಹೆದರಿಕೆಯೋ ಗೊತ್ತಿಲ್ಲ. ಗ್ರೂಪಿನಲ್ಲಿ ಹದಿನಾಲ್ಕು ಮನೆಯವರ ಒಂದೂವರೆ ವರ್ಷದ ಮೆಸೇಜುಗಳಿದ್ದವು, ಎಲ್ಲರೂ ಎಷ್ಟು ವರ್ಷ ಒಂದೇ ಸುಳ್ಳು ನೆನಪಿಟ್ಟುಕೊಳ್ಳಬೇಕು? ಸೋಮವಾರ ಸರ್ವೇಯರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೆನ್ನು ನಿಲ್ಲಿಸಿ, ‘ಮೇಡಂ, ಇದನ್ನು ಬರೆಯಲೇಬೇಕಾ?’ ಅಂತ ಎರಡು ಸಲ ಕೇಳಿದರು.

ಕ್ಲೇಮು ತಿರಸ್ಕಾರವಾಯಿತು. ರಿಪೇರಿಗೆ 1,12,000. ಆ ಹುಡುಗನ ಕಾಲಿಗೆ ರಾಡ್ ಹಾಕಿದ್ದು, ಆಸ್ಪತ್ರೆ ಎಲ್ಲ ಸೇರಿ 1,60,000. ಪೆಟ್ಟಿಗೆಯ 86,000 ಅಲ್ಲಿಗೆ ಹೋಯಿತು. ಉಳಿದದ್ದನ್ನು ಹಂಚಿಕೊಳ್ಳೋಣ ಅಂತ ಗ್ರೂಪಿನಲ್ಲಿ ಬರೆದೆ. ಒಂಬತ್ತು ಮನೆಯವರು ಕೊಟ್ಟರು, ಅದರಲ್ಲಿ ನಾವೂ ಗೆಳತಿಯೂ ಅಂಕಲ್ಲೂ ಸೇರಿ. ಇಬ್ಬರು ‘ನಾವ್ಯಾಕೆ?’ ಅಂತ ಉದ್ದ ವಾದ ಮಾಡಿದರು, ಅವರ ವಾದ ತಪ್ಪೂ ಅಲ್ಲ. ಮೂವರು ಏನೂ ಹೇಳದೆ ಗ್ರೂಪ್ ಬಿಟ್ಟರು. ಅದರಲ್ಲಿ ಒಂದು, ರಾತ್ರಿ ಎರಡಕ್ಕೆ ಹೆರಿಗೆಗೆ ಹೋದ ಮನೆ. ಲಿಫ್ಟಿನಲ್ಲಿ ಸಿಕ್ಕಾಗ ಮಗುವನ್ನು ನೋಡಿ ನಗುತ್ತೇನೆ, ಅವರ ಮುಖ ನೋಡುವುದಿಲ್ಲ.

ಪರಿಹಾರದ ಕೇಸು ಟ್ರಿಬ್ಯುನಲ್‌ನಲ್ಲಿ ನಡೆಯುತ್ತಿದೆ, ಅದರ ಬಗ್ಗೆ ಹೆಚ್ಚು ಬರೆಯಲಾರೆ. ಆ ಹುಡುಗ ಈಗ ನಡೆಯುತ್ತಾನೆ, ಸ್ವಲ್ಪ ಎಳೆದು. ಅವನ ಬೈಕಿನ ಕಂತು ಹದಿನಾರರಲ್ಲಿ ಹತ್ತನ್ನು ನಾವು ಕಟ್ಟಿದೆವು. ಉಳಿದ ಆರನ್ನು, ‘ಸಾಕ್ರಿ ಅಕ್ಕಾರ’ ಅಂತ ಅವನೇ ಕಟ್ಟಿಕೊಂಡ.

ಅದೇ ಅಕ್ಟೋಬರ್ ಹೊತ್ತಿಗೆ ಬೆಂಗಳೂರಿನಲ್ಲಿ ಬಿಳಿ ಬೋರ್ಡಿನ ಕಾರುಗಳ ಕಾರ್‌ಪೂಲಿಂಗ್ ಆ್ಯಪುಗಳ ಬಗ್ಗೆ ದೊಡ್ಡ ಗಲಾಟೆ ನಡೆಯಿತು. ನಿಷೇಧವಂತೆ, ಅಲ್ಲವಂತೆ. ನನ್ನ ಆಫೀಸಿನವರೆಲ್ಲ ಸರ್ಕಾರವನ್ನು ಬೈದರು. ನಾನು ಬೈಯಲಿಲ್ಲ. ಹಳದಿ ಬೋರ್ಡಿನ ಡ್ರೈವರು ಪರ್ಮಿಟ್ಟು, ತೆರಿಗೆ, ದುಬಾರಿ ಇನ್ಶೂರೆನ್ಸು ಎಲ್ಲ ಕಟ್ಟಿ ರಸ್ತೆಗೆ ಇಳಿಯುತ್ತಾನೆ. ನಾವು ಅದನ್ನೆಲ್ಲ ಉಳಿಸಿ, ಅದಕ್ಕೆ ಪರಿಸರ ಪ್ರೇಮ ಅಂತ ಹೆಸರಿಟ್ಟಿದ್ದೆವು. ಹಾಗಂತ 50 ಕಾರು ಇದ್ದವನಿಗೆ ಮಾತ್ರ ಬಾಗಿಲು ತೆರೆಯುವ ನಿಯಮವೂ ಸರಿಯಲ್ಲ. ಸ್ಟಾನ್ಸ್‌ನ ಕೆಲವೇ ಜನರ ಹತ್ತಿರ ಮೊದಲ ದಿನ 50 ಕಾರು ಕೇಳಿದ್ದರೆ ಕೆಂಪು ಕಾರು ಇರುತ್ತಿರಲಿಲ್ಲ. ಹತ್ತು ಮನೆ ಸೇರಿ ಎರಡು ಕಾರು ಇಟ್ಟುಕೊಳ್ಳುವುದಕ್ಕೆ ಒಂದು ಬೋರ್ಡಿನ ಬಣ್ಣ, ಒಂದು ಪಾಲಿಸಿ ನಮ್ಮಲ್ಲಿ ಇದ್ದಿದ್ದರೆ ಅಂತ ಅನ್ನಿಸುತ್ತದೆ. ಅಲ್ಲಿಯವರೆಗೆ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಯಾರಿಗಾದರೂ ಈ ಯೋಚನೆ ಬಂದಿದ್ದರೆ, ಮೊದಲು ಆ ಪ್ಯಾರಾ ಓದಿ ಅಂತ ಹೇಳಿ. ಆ್ಯಪ್ ಆಮೇಲೆ.

ಗೆಳತಿ ಕೆಲಸ ಬಿಡಲಿಲ್ಲ. ಕೆಲವು ತಿಂಗಳು ನಮ್ಮಿಬ್ಬರ ನಡುವೆ ಮಾತು ಕಡಿಮೆಯಾಯಿತು. ಅವಳು ತನ್ನ ಪಾಲಿನ ದುಡ್ಡು ಮೊದಲ ದಿನವೇ ಹಾಕಿದ್ದಳು, ಒಂದು ಮಾತೂ ಆಡದೆ. ಆದರೆ ನಾನು ಅವಳನ್ನು ಕೇಳದೆ ಸರ್ವೇಯರ್‌ಗೆ ಹೇಳಿದ್ದು ಅವಳಿಗೆ ಬೇಸರ. ‘ನಿಂಗೆ ಅಪ್ಪನಿಗೆ ಫೋನ್ ಮಾಡ್ಲಿಕ್ಕೆ ಗೊತ್ತಾಯ್ತು, ನಂಗೆ ಮಾಡ್ಲಿಕ್ಕೆ ಗೊತ್ತಾಗ್ಲಿಲ್ಲ’ ಅಂದಳು. ಅದಕ್ಕೆ ಏನು ಹೇಳುವುದು? ಮೊನ್ನೆ ನೀರ್‌ದೋಸೆ ಮಾಡಿ ಡಬ್ಬಿಯಲ್ಲಿ ಕಳಿಸಿದ್ದಳು. ಡಬ್ಬಿ ಖಾಲಿ ಕೊಡಬಾರದು ಅಂತ ಶೇಂಗಾ ಹೋಳಿಗೆ ಹಾಕಿ ವಾಪಸು ಕಳಿಸಿದ್ದೇನೆ.

ನಾವು ಕಾರು ಮಾರಿದೆವು. ರಿಪೇರಿಯಾದ ಕಾರಿಗೆ ಬೆಲೆ ಕಡಿಮೆಯೇ ಬಂತು. ಅಪ್ಪನ ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಕಳೆದ ದೀಪಾವಳಿಗೆ ಅಪ್ಪ ಬಂದಿದ್ದರು. ಎರಡನೇ ದಿನ ಬೆಳಿಗ್ಗೆ ತಿಂಡಿ ತಿಂದು, ‘ಎಲ್ಲದ ನಿನ್ನ ಆ ನೆಲಮಾಳಿಗಿ?’ ಅಂದರು. ಕರೆದುಕೊಂಡು ಇಳಿದೆ. ಧೋತರದ ಚುಂಗು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳು ತೋರಿಸುತ್ತಾ ಒಂದೊಂದೇ ಸಾಲು ನಡೆದರು, ಸಂತೆಯಲ್ಲಿ ಕುರಿ ಎಣಿಸುವವರ ಹಾಗೆ. ನಾನು ಹಿಂದೆ. ಕೊನೆಯ ಸಾಲು ಮುಗಿಸಿ ‘ಒಂದನೂರಾ ಐವತ್ತೊಂದು’ ಅಂದರು.

ಕಂಬದ ಮೇಲೆ ಪೆಟ್ಟಿಗೆ ಇನ್ನೂ ಇತ್ತು. ಯಾರೂ ಕೀಳಿಸಿಲ್ಲ. ಅಪ್ಪ ಕನ್ನಡಕ ಹಣೆಗೆ ಏರಿಸಿ ಲಾಕಿನ ಚಕ್ರಗಳನ್ನು ನೋಡಿದರು.

‘ನಂಬರ್ ಏನಿಟ್ಟಿದ್ದಿ?’

ನಾನು ಹೇಳಲಿಲ್ಲ. ಅವರು ನನ್ನ ಮುಖ ನೋಡಿ, ಒಂದೊಂದೇ ಚಕ್ರ ತಿರುಗಿಸಿದರು. 1, 9, 0, 5. ಸ್ವಲ್ಪ ತುಕ್ಕು ಹಿಡಿದಿತ್ತು, ಎರಡು ಸಲ ಜಗ್ಗಿದ ಮೇಲೆ ತೆರೆಯಿತು. ಒಳಗೆ ಸೆಕ್ಯೂರಿಟಿ ಅಣ್ಣನ ಟಾರ್ಚು, ಒಂದು ಬೆಂಕಿಪೊಟ್ಟಣ, ಅರ್ಧ ಕಟ್ಟು ಊದುಬತ್ತಿ.

‘ಅಂವಗ ನಂಬರ್ ಯಾರು ಹೇಳಿದ್ರು?’ ಅಂತ ಅಪ್ಪ ಕೇಳಿದರು.